ಹಿಡಿಯಕ್ಕಿ

ತಿಂಗಳ ಮೊದಲ ಶನಿವಾರ, ಬಿಸಿಲಿಳಿದ ಮೇಲೆ,
ತಲೆದಿಂಬಿನ ಹಳೇ ಕವರೊಂದನ್ನು ಹೆಗಲಿಗೇರಿಸಿ
ಪೆನ್‌ಷನ್ ಮೊಹಲ್ಲಾದಿಂದ ಹೊರಡುತ್ತೇನೆ.
ಹದಿನಾಲ್ಕು ಮನೆ, ಹದಿನಾಲ್ಕು ಡಬ್ಬಿ.
ಒಲೆ ಹಚ್ಚುವ ಮುಂಚೆ ದೇವರಿಗೆಂದು ತೆಗೆದಿಟ್ಟ
ದಿನಕ್ಕೊಂದು ಹಿಡಿ ಅಕ್ಕಿ.
ನಮ್ಮಜ್ಜಿಯರ ಕಾಲದ ರೂಢಿ. ಸ್ತ್ರೀಯರ ಸಂಘದ
ಲೆಕ್ಕದ ಪುಸ್ತಕ ಈಗ ನನ್ನ ಕೈಲಿದೆ.

ತೂಕದ ಕಲ್ಲು ಬೇಡ ನನಗೆ.
ಡಬ್ಬಿ ಎತ್ತಿದೊಡನೆ ಮಣಿಕಟ್ಟು ಹೇಳುತ್ತದೆ:
ಇಲ್ಲಿಗೆ ಹೊಸ ಸೊಸೆ ಬಂದಳು, ಹಿಡಿ ಚಿಕ್ಕದು.
ಇಲ್ಲಿ ಮುದುಕ ತೀರಿಕೊಂಡ, ಒಂದು ತಟ್ಟೆ ಕಮ್ಮಿ.
ಇವಳು ಸಿಟ್ಟಲ್ಲಿ ಹಾಕಿದ್ದಾಳೆ, ನುಚ್ಚೇ ಜಾಸ್ತಿ.
ಅಯ್ಯನೋರಿಗೆ ಯಾರೂ ಹೇಳದ್ದನ್ನು
ಅಕ್ಕಿ ನನಗೆ ಹೇಳುತ್ತದೆ.

ರೈಲ್ವೆ ಗೇಟಿನಾಚೆ ಯುನೀಸಮ್ಮನದು ಕೊನೆಯ ಮನೆ.
ಗಂಡನ ಹೆಸರು ಸಮಾಧಾನ.
ಆಲೂಗಡ್ಡೆ ಮಂಡಿಯಲ್ಲಿ ಹಮಾಲಿ.
ಬಿತ್ತನೆಗಡ್ಡೆಯ ಭರಾಟೆಯಲ್ಲಿ, ಮೇ ತಿಂಗಳು,
ಲಾರಿಯಿಂದ ಜಾರಿದ ಮೂಟೆ ಬೆನ್ನಿಗೇ ಬಿತ್ತು.
ಅಂದಿನಿಂದ ಸಮಾಧಾನ ಮಂಚ ಬಿಟ್ಟೆದ್ದಿಲ್ಲ.
ಹೀಗೆಂದರೆ ನಗು ಬರುತ್ತದೆ. ಅವನೇ ನಗುತ್ತಾನೆ:
"ಬನ್ನಿ ಅಕ್ಕಾ, ಸಮಾಧಾನ ಮನೇಲೇ ಇದೆ,
ಎಲ್ಲೂ ಹೋಗಿಲ್ಲ."

ಜೂನಿನಲ್ಲಿ ಅರ್ಧ ಡಬ್ಬಿ.
ಜುಲೈಯಲ್ಲಿ ತಳ ಮುಚ್ಚುವಷ್ಟು.
ಆಗಸ್ಟಿನಲ್ಲಿ ನಾನೇ ಅಂದೆ: ಬಿಡು ತಾಯಿ, ಈ ಸಲ ಬೇಡ.
ಅವಳು ಅರೆತೆರೆದ ಬಾಗಿಲಿಂದ ಕೈಚಾಚಿ ಕೊಟ್ಟಳು.
ಎತ್ತಿದೆ. ಮಣಿಕಟ್ಟಿಗೆ ತಿಳಿಯಲಿಲ್ಲ.
ಅಲ್ಲಾಡಿಸಿದೆ. ಅಕ್ಕಿಯ ಸದ್ದಲ್ಲ.

ಮುಚ್ಚಳ ತೆಗೆದರೆ ಕಲ್ಲು.
ರೇಷನ್ ಅಕ್ಕಿಯಲ್ಲಿ ಆರಿಸಿ ತೆಗೆದ ಸಣ್ಣ ಕಲ್ಲು,
ಬೂದು, ಬಿಳಿ, ಒಂದೆರಡು ಕೆಂಪು.
"ಹಿಡಿ ತೆಗೆದರೆ ಮಕ್ಕಳಿಗೆ ಸಾಲದು ಅಕ್ಕಾ.
ಆದ್ರೆ ಕೈ ಮರೀಬಾರ್ದು ನೋಡಿ.
ಒಲೆ ಹಚ್ಚೋಕೆ ಮುಂಚೆ ಒಂದೊಂದು ಹಾಕ್ತಾ ಬಂದೆ.
ಇಪ್ಪತ್ತೈದಿದೆ.
ಮೂರು ದಿನ ಒಲೆ ಹಚ್ಚಲಿಲ್ಲ."

ಆ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಿತ್ತು.
ಹಿಂದಿನ ಭಾನುವಾರವಷ್ಟೇ ಅಯ್ಯನೋರು ಹೇಳಿದ್ದರು,
ಬರಗಾಲದಲ್ಲೂ ಹಿಟ್ಟಿನ ಮಡಕೆ ಬರಿದಾಗದ ವಿಧವೆಯ ಕತೆ.
ಯುನೀಸಮ್ಮ ಹಿಂದಿನ ಬೆಂಚಲ್ಲಿ, ತಲೆ ಮೇಲೆ ಸೆರಗು.
ಅವಳ ಮಡಕೆ ಬರಿದಾಗಿತ್ತು.
ಆದರೂ ಆಮೆನ್ ಅಂದಳು. ನನಗೆ ಕೇಳಿಸಿತ್ತು.

ನನ್ನ ಮಾತಿಗೆ ಬರುತ್ತೇನೆ.
ಪ್ರಿಸಿಲ್ಲ ಹೋಗಿ ಇದು ನಾಲ್ಕನೇ ವರ್ಷ. ಡೆಂಗೀ.
ದೊಡ್ಡಾಸ್ಪತ್ರೆಯ ವರಾಂಡದಲ್ಲಿ, ಫಿನೈಲು ಒರೆಸಿದ ನೆಲಕ್ಕೆ
ಮೊಣಕಾಲೂರಿದ್ದೇ ಕೊನೆ.
ಆಮೇಲೂ ಚರ್ಚಿಗೆ ಹೋಗುತ್ತೇನೆ, ತುಟಿ ಆಡಿಸುತ್ತೇನೆ,
ಲೆಕ್ಕ ತಪ್ಪದೆ ಬರೆಯುತ್ತೇನೆ.
ನನ್ನ ಡಬ್ಬಿ ಯಾವತ್ತೂ ಭರ್ತಿ,
ಸೋನಾಮಸೂರಿ, ವರ್ಷ ಹಳೆಯದು.
ಎತ್ತಿ ನೋಡುವವಳೂ ನಾನೇ ಆದ್ದರಿಂದ
ಅದರಲ್ಲಿ ಏನಿಲ್ಲವೆಂದು ಯಾರಿಗೂ ಗೊತ್ತಿಲ್ಲ.

ಸಂಜೆ ಚರ್ಚಿನ ಹಿಂಬದಿ ಕೋಣೆಯಲ್ಲಿ
ಚಾಪೆ ಹಾಸಿ ಹದಿಮೂರು ಮನೆಯ ಅಕ್ಕಿ ಸುರಿದೆವು.
ಮುಕ್ಕಾಲು ಪಾಲು ಗೇಟಿನಾಚೆಗೆ ಹೋಗಲಿ ಅಂದೆ.
ಯಾರೂ ಬೇಡ ಅನ್ನಲಿಲ್ಲ.
ಖಜಾಂಚಿ ಲೋವಿಸಮ್ಮ ಪೆನ್ನು ಹಿಡಿದು ಕೇಳಿದರು:
"ಯುನೀಸಮ್ಮನ ಮುಂದೆ ಸೊನ್ನೆ ಹಾಕಲಾ?"
"ಇಪ್ಪತ್ತೈದು ಅಂತ ಬರೀರಿ."
"ಇಪ್ಪತ್ತೈದು ಏನು? ಸೇರಾ, ಪಾವಾ?"
ಆ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಒಂದನ್ನು ಕದ್ದಿದ್ದೇನೆ.
ಕೆಂಪನೆಯದು, ತೊಗರಿಬೇಳೆಯಷ್ಟು.
ನನ್ನ ಡಬ್ಬಿಯಲ್ಲಿ ಅಕ್ಕಿಯ ಮೇಲೆ ಇಟ್ಟಿದ್ದೇನೆ.
ಬೆಳಗ್ಗೆ ಕೈ ಹಾಕಿದಾಗ ಬೆರಳಿಗೆ ತಾಗುತ್ತದೆ,
ಗ್ಯಾಸಿನ ಕಿವಿ ತಿರುಗಿಸದೆ ಒಂದು ಗಳಿಗೆ ನಿಲ್ಲುತ್ತೇನೆ.
ಪ್ರಾರ್ಥನೆ ಇನ್ನೂ ಬಂದಿಲ್ಲ.
"ಕರ್ತನೇ" ಅನ್ನುವ ತನಕ ಬಂದಿದ್ದೇನೆ.